ಗ್ಯಾರೇಜಿನಲ್ಲೊಂದು ವಿಮಾನ

ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝೀ ವಿಮಾನ ಮೊದಲು ಹಾರಿದ್ದು 1979ರಲ್ಲಿ, ಅಮೆರಿಕದಲ್ಲಿ. ನಕ್ಷೆ ಕೊಂಡವರು ತಮ್ಮ ಮನೆಯ ಗ್ಯಾರೇಜಿನಲ್ಲೇ ಅದನ್ನು ಕಟ್ಟಿದರು! ರೆಕ್ಕೆಗೆ ಅಚ್ಚೇ ಬೇಡ. ಫೋಮ್ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ರೆಸಿನ್ ಕುಡಿಸಿದರಾಯ್ತು. ಹೇಳೋಕೇನೋ ಸುಲಭ.

ಆದ್ರೆ ಯಾವ ಫೋಮ್? ರೆಕ್ಕೆಗೆ ನೀಲಿ ಪಾಲಿಸ್ಟೈರೀನ್. ಕಾದ ತಂತಿ ಎಳೆದರೆ ನಯವಾಗಿ ಸೀಳುತ್ತೆ. ಯುರೆಥೇನ್ ಫೋಮ್‌ಗೆ ಮಾತ್ರ ಆ ತಂತಿ ತಾಗಿಸಲೇಬೇಡಿ, ವಿಷದ ಹೊಗೆ ಬರುತ್ತೆ. ಅದಕ್ಕೆ ಚಾಕು, ಸ್ಯಾಂಡ್‌ಪೇಪರ್ ಸಾಕು. ದೋಣಿ ರಿಪೇರಿಯ ಪಾಲಿಯೆಸ್ಟರ್ ರೆಸಿನ್ ಅಗ್ಗ ಅಂತ ತಂದ್ರೋ, ನೀಲಿ ಫೋಮ್ ಕಣ್ಣೆದುರೇ ಕರಗಿಹೋಗುತ್ತೆ.

ಇನ್ನು ಜಾಗ. ಉದ್ದನೆಯ, ಚೂರೂ ತಿರುಚದ ಮೇಜು ಮೊದಲು ಮಾಡ್ಕೊಳ್ಳಿ. ಮೇಜು ಸೊಟ್ಟ ಇದ್ರೆ ರೆಕ್ಕೆಯೂ ಸೊಟ್ಟ. ಕೋಣೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಇರಲಿ. ಚಳಿಗೆ ಎಪಾಕ್ಸಿ ಮಂದವಾಗಿ ಬಟ್ಟೆಗೆ ಇಳಿಯೋದಿಲ್ಲ. ಬಟ್ಟೆ ಕತ್ತರಿಸೋ ಮೂಲೆ ಬೇರೆ, ಉಜ್ಜೋ ಮೂಲೆ ಬೇರೆ.

ಎಪಾಕ್ಸಿಯನ್ನೂ ಅದನ್ನು ಗಟ್ಟಿ ಮಾಡೋ ಹಾರ್ಡನರನ್ನೂ ತೂಗೋಕೆ ಒಳ್ಳೆ ತಕ್ಕಡಿ ಬೇಕು, ಅದಕ್ಕೆ ಜಿಪುಣತನ ಮಾಡ್ಬೇಡಿ. ಹಾರ್ಡನರ್ ಜಾಸ್ತಿ ಸುರಿದ್ರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ಬರೀ ಭ್ರಮೆ, ಪದರ ಬಲ ಕಳ್ಕೊಳ್ಳುತ್ತೆ ಅಷ್ಟೆ. ಕೈಗೆ ಗ್ಲೌಸ್ ಹಾಕಿ, ಸ್ವಲ್ಪ ಸ್ವಲ್ಪವೇ ಕಲಸಿ. ಕಪ್ ತುಂಬಾ ಕಲಸಿಟ್ಟರೆ ಎಪಾಕ್ಸಿ ತಾನೇ ಕಾದು ಹೊಗೆಯಾಡುತ್ತೆ!