ಕಣ: ಒಂದು ಒಕ್ಕಲು ಪದದ ಬಂಧುಬಳಗ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳಗಳ ಸುತ್ತಣ ರಾಗಿಯ ಸೀಮೆಯಲ್ಲಿ ‘ಕಣ’ವೆಂದರೆ ತೆನೆಯನ್ನು ಒಕ್ಕುವ ನೆಲ. ಹೊಲದ ಅಂಚಿನಲ್ಲೋ ಊರ ಮಗ್ಗುಲಲ್ಲೋ ಗಟ್ಟಿ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಸಗಣಿಯಿಂದ ಸಾರಿಸಿ ಇದನ್ನು ಅಣಿಗೊಳಿಸುತ್ತಿದ್ದರು. ರೋಣಗಲ್ಲು ಉರುಳಿ, ಕಾಳನ್ನು ತೂರಿ ರಾಶಿ ಮಾಡಿದ ಮೇಲೆ ಪೂಜೆ. ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ರೂಢಿ. ಮೆಟ್ಟು ಕಳಚಿಟ್ಟು ಕಾಲಿಡುತ್ತಿದ್ದ ಈ ನೆಲದ ಹೆಸರಿನ ಮೂಲ ಯಾವುದು?

ಸಂಸ್ಕೃತದ ‘ಕಣ’ ಎಂದರೆ ಕಾಳು, ಚೂರು. ಕಾಳು ಬೀಳುವ ಜಾಗವಾದ್ದರಿಂದ ಕಣವೆನಿಸಿತು ಎಂದು ಹೇಳುವುದು ಸುಲಭ. ಆದರೆ ಇದು ಒಪ್ಪತಕ್ಕುದಲ್ಲ. ಕನ್ನಡದಲ್ಲಿಯೇ ‘ಕಳ’ ಎಂಬ ಜೋಡಿರೂಪವಿದೆ. ತಮಿಳು, ಮಲಯಾಳಗಳಲ್ಲಿ ‘ಕಳಮ್’, ತುಳು ಮತ್ತು ಕೊಡವದಲ್ಲಿ ‘ಕಳ’, ತೆಲುಗಿನಲ್ಲಿ ‘ಕಳ್ಳಂ’. ಜಾರ್ಖಂಡದ ಕುಡುಖ್ ಭಾಷೆಯಲ್ಲಿ ಇದರ ನಂಟನಾದ ಪದಕ್ಕೆ ಹೊಲವೆಂಬ ಅರ್ಥವಿದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶವು (1961, ಪರಿಷ್ಕೃತ ಆವೃತ್ತಿ 1984) ಇವನ್ನೆಲ್ಲ ಒಂದೆಡೆ ತಂದಿದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಬರುವ ‘ಖಲ’ವೂ ಒಕ್ಕುವ ಕಣವೇ. ಅದು ದ್ರಾವಿಡದಿಂದ ಹೋದದ್ದೆಂಬ ವಾದವಿದ್ದರೂ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ.

ಇದಕ್ಕಿಂತ ಕುತೂಹಲಕರವಾದುದು ಅರ್ಥದ ವಿಚಾರ. ಈ ಬಳಗದ ಪದಗಳಿಗೆ ಒಕ್ಕುವ ನೆಲವೆಂಬಂತೆಯೇ ಯುದ್ಧಭೂಮಿಯೆಂಬ ಅರ್ಥವೂ ಇದೆ. ತಮಿಳಿನ ‘ಕಳವಳಿ ನಾರ್ಪದು’ ರಣಭೂಮಿಯನ್ನು ಕುರಿತ ನಲವತ್ತು ಪದ್ಯಗಳ ಕೃತಿ. ವೇದದ ಆ ಸೂಕ್ತದಲ್ಲಿಯೂ ಇಂದ್ರನು ಕಣದಲ್ಲಿ ತೆನೆ ಬಡಿದಂತೆ ಶತ್ರುಗಳನ್ನು ಬಡಿಯುತ್ತಾನೆ. ಒಕ್ಕಣೆಯ ಕಣವೇ ರೂಪಕವಾಗಿ ರಣವಾಯಿತೆನ್ನುವವರಿದ್ದಾರೆ. ತೆರೆದ ಬಯಲೆಂಬ ಮೂಲಾರ್ಥವೇ ಎರಡು ಕವಲಾಗಿ ಒಡೆದಿರಬೇಕೆಂಬುದು ನನ್ನ ಅಭಿಪ್ರಾಯ. ತಮಿಳಿನಲ್ಲಿ ಬರಿಯ ‘ಸ್ಥಳ’ವೆಂಬ ಅರ್ಥವೂ ಉಳಿದಿರುವುದು ಇದಕ್ಕೆ ಆಧಾರ. ಕಾದಿ ಮಡಿದ ಕಿತ್ತಯ್ಯನ ಎಂಟನೆಯ ಶತಮಾನದ ವೀರಗಲ್ಲು 2018ರಲ್ಲಿ ದೊರೆತ ಹೆಬ್ಬಾಳವು ರಾಗಿ ಒಕ್ಕಿದ ಊರೂ ಹೌದು. ಒಂದೇ ಪದದ ಎರಡು ಅರ್ಥಗಳನ್ನೂ ಕಂಡ ನೆಲವದು.

ಇಂದು ಯಲಹಂಕದ ಶಾಲಾ ಬಾಲಕನಿಗೆ ಕಣವೆಂದರೆ ‘ಚುನಾವಣಾ ಕಣ’. ಕದನದ ಕವಲು ಪತ್ರಿಕೆಗಳಲ್ಲಿ ಚಿಗುರಿದೆ. ಬೇಸಾಯದ ಕವಲು ಬಡಾವಣೆಗಳ ಅಡಿಯಲ್ಲಿ ಸೇರಿಹೋಗುತ್ತಿದೆ. ಅದರೊಂದಿಗೆ ಮೇಟಿ, ಮೆದೆ, ರೋಣಗಲ್ಲು, ಕೊಳಗ ಮೊದಲಾದ ಒಕ್ಕಣೆಯ ಮಾತುಗಳೂ ಹಿರಿಯರ ನಾಲಗೆಯಲ್ಲಿ ಮಾತ್ರ ಉಳಿಯತೊಡಗಿವೆ. ಇವನ್ನು ಈಗಲೇ ಬರೆದಿಟ್ಟುಕೊಳ್ಳಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ಸುಗ್ಗಿಯಲ್ಲಿ ರಾಗಿಯ ತೆನೆಯನ್ನು ಡಾಂಬರು ರಸ್ತೆಗೆ ಹರಡುವುದುಂಟು. ರೋಣಗಲ್ಲಿನ ಕೆಲಸವನ್ನು ಅಲ್ಲಿ ಲಾರಿಯ ಗಾಲಿ ಮಾಡುತ್ತದೆ.