ಸೊನ್ನೆ ಅಂದ್ರ ಖಾಲಿ ಅಲ್ರೀ

ಕುಡಚಿಯಿಂದ ಮಾತಾಡಾಕತ್ತೀನಿ. ನಾನು ಓದಿದ್ದು ಬಿ.ಕಾಂ., ಕೋಡಿಂಗ್ ಕಲಿತದ್ದು ಮೊಬೈಲ್‌ನ್ಯಾಗ. ಇವತ್ತಿನ ವಿಷಯ: ಜಾವಾಸ್ಕ್ರಿಪ್ಟ್‌ನಲ್ಲಿ ಷರತ್ತು ನೋಡಿ ವೇರಿಯಬಲ್‌ಗೆ ವ್ಯಾಲ್ಯೂ ಕೊಡೋದು. ನಾನೇ ಮಾಡಿದ ತಪ್ಪಿನಿಂದ ಶುರು ಮಾಡ್ತೀನಿ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಮಾವನ ಟ್ರ್ಯಾಕ್ಟರ್ ಲೆಕ್ಕಕ್ಕ ಒಂದು ಸಣ್ಣ ಪೇಜ್ ಮಾಡಿಕೊಟ್ಟಿದ್ದೆ. ಡ್ರೈವರ್ ವಾರದಾಗ ತಗೊಂಡ ಅಡ್ವಾನ್ಸ್ ಪಗಾರದಾಗ ಕಡಿತ ಆಗಬೇಕು. ಅಡ್ವಾನ್ಸ್ ಎಷ್ಟು ಅಂತ ಬರೆದೇ ಇಲ್ಲಂದ್ರ, ವಾಡಿಕೆಯ 500 ರೂಪಾಯಿ ಹಿಡೀಬೇಕು. ನಾನು ಬರೆದದ್ದು ಇಷ್ಟು:

ಕಡಿತ = ಅಡ್ವಾನ್ಸ್ || 500;

ವೇರಿಯಬಲ್ ಹೆಸರು ಕನ್ನಡದಾಗ ಬರೆದರೂ ಜಾವಾಸ್ಕ್ರಿಪ್ಟ್ ಒಪ್ಪತೈತಿ, ಬೇಕಾದ್ರ ನೋಡ್ರಿ.

ಪಗಾರದ ದಿನ ಡ್ರೈವರ್ ಕಾಕಾ ಬಂದ್ರು. "ತಮ್ಮಾ, ಈ ವಾರ ನಾ ಒಂದು ರೂಪಾಯಿನೂ ತಗೊಂಡಿಲ್ಲ. 500 ಯಾಕ ಹಿಡದೀ?"

ಮಾವ ಸರಿಯಾಗಿಯೇ 0 ಅಂತ ತುಂಬಿದ್ರು. ತಪ್ಪು ಆ ಎರಡು ಗೀಟಿನದು. ಎಡಗಡೆ ಇರೋದು ಫಾಲ್ಸಿ ಆಗಿದ್ರ ಅದು ಬಲಗಡೆಯದನ್ನ ತಗೋತೈತಿ. ಫಾಲ್ಸ್, ನಲ್, ಅನ್‌ಡಿಫೈನ್ಡ್, ನ್ಯಾನ್, ಖಾಲಿ ಪಠ್ಯ ಮಾತ್ರ ಅಲ್ಲ, ಸೊನ್ನೆಯೂ ಫಾಲ್ಸಿ!

ಇದಕ್ಕ ಮದ್ದು ಬಂದದ್ದು 2020ರ ಆವೃತ್ತಿಯಲ್ಲಿ, ಎರಡು ಪ್ರಶ್ನೆ ಚಿಹ್ನೆ:

ಕಡಿತ = ಅಡ್ವಾನ್ಸ್ ?? 500;

ಇದು ನಲ್ ಅಥವಾ ಅನ್‌ಡಿಫೈನ್ಡ್ ಇದ್ದಾಗ ಮಾತ್ರ 500 ಹಿಡೀತೈತಿ. ಸೊನ್ನೆ ಇದ್ರ ಸೊನ್ನೆನೇ. ಒಂದು ಎಚ್ಚರಿಕೆ: ಫಾರ್ಮ್‌ನ ಖಾಲಿ ಬಾಕ್ಸ್ ಕೊಡೋದು ನಲ್ ಅಲ್ಲ, ಖಾಲಿ ಪಠ್ಯ. ಅದನ್ನ ಸಂಖ್ಯೆ ಮಾಡಿದ್ರ ಸೊನ್ನೆ ಆಗಿಬಿಡತೈತಿ! ಅದಕ್ಕ ಖಾಲಿ ಐತೇನು ಅಂತ ಮೊದಲು ನೋಡಿ, ನಲ್ ಮಾಡ್ಕೊಳ್ರಿ.

ಇನ್ನ ಷರತ್ತು ಬೇರೆ ಏನರ ಇದ್ರ, ಒಂದು ಪ್ರಶ್ನೆ ಚಿಹ್ನೆ, ಒಂದು ಕೋಲನ್ ಸಾಕು:

ಬೋನಸ್ = ಟ್ರಿಪ್ > 10 ? 300 : 0;

ಓದೋದು ಹಿಂಗ: ಟ್ರಿಪ್ ಹತ್ತಕ್ಕಿಂತ ಹೆಚ್ಚಾ? ಹೌದಾದ್ರ 300, ಇಲ್ಲಾಂದ್ರ 0. ಷರತ್ತು ಮೂರು ನಾಲ್ಕು ಇದ್ರ ಮಾತ್ರ ಇಫ್-ಎಲ್ಸ್ ಬರೀರಿ. ಉದ್ದ ಆಗತೈತಿ, ಆದ್ರ ನಾಳೆ ಓದಿದ್ರೂ ತಿಳೀತೈತಿ.

ಲೆಡ್ಜರ್‌ನಲ್ಲಿ ಬಾಕಿ ಸೊನ್ನೆ ಇರೋದು ಬೇರೆ, ಎಂಟ್ರಿನೇ ಇಲ್ಲದಿರೋದು ಬೇರೆ. ಇದನ್ನ ಕಾಲೇಜಿನ್ಯಾಗ ಓದಿದ್ದೆ, ಕೋಡ್ ಬರೆಯುವಾಗ ಮರೆತಿದ್ದೆ. ಕಾಕಾಗೆ 500 ಅವತ್ತೇ ವಾಪಸ್ ಕೊಟ್ವಿ. ನಿಮ್ಮ ಕೋಡ್‌ನ್ಯಾಗೂ ಆ ಎರಡು ಗೀಟು ಎಲ್ಲೆಲ್ಲಿ ಅದಾವ, ಇವತ್ತೇ ಒಮ್ಮೆ ಹುಡುಕ್ರಿ. ಮುಂದಿನ ಕಂತಿನಲ್ಲಿ ಸಿಗೋಣ್ರಿ.