ಹಳೆಯ ಕ್ರೀಡಾಕಾರಿನ ಶ್ವಾಸವ್ಯವಸ್ಥೆ: ದುರಸ್ತಿ, ಸುಧಾರಣೆ ಮತ್ತು ಇತಿಹಾಸದ ಸಾಕ್ಷ್ಯ

ಶಾಸನ, ನಾಣ್ಯ, ಕಡತಗಳನ್ನು ಇತಿಹಾಸದ ಆಕರಗಳೆಂದು ಒಪ್ಪುವುದರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸಂಶಯವಿಲ್ಲ. ಯಂತ್ರವೂ ಒಂದು ಆಕರವೆಂಬ ಮಾತು ಮಾತ್ರ ಇನ್ನೂ ನಮ್ಮ ತರಗತಿಗಳಲ್ಲಿ ಬೇರೂರಿಲ್ಲ. ಯಂತ್ರದ ಪ್ರತಿಯೊಂದು ಭಾಗವೂ ಒಂದು ಕಾಲದ ತಂತ್ರಜ್ಞಾನವನ್ನು, ವಾಣಿಜ್ಯನೀತಿಯನ್ನು, ಕುಶಲಕರ್ಮಿಯ ಜಾಣ್ಮೆಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಆದರೆ ಶಾಸನದ ಅಕ್ಷರಗಳನ್ನು ತಿದ್ದಬಾರದೆಂಬ ನಿಯಮವನ್ನು ಯಂತ್ರಕ್ಕೆ ಹಾಗೆಯೇ ಅನ್ವಯಿಸಲಾಗದು. ಓಡದ ಕಾರು ಅರ್ಧ ಸಾಕ್ಷ್ಯವನ್ನಷ್ಟೇ ನುಡಿಯುತ್ತದೆ, ಓಡಿಸಬೇಕಾದರೆ ದುರಸ್ತಿ ಅನಿವಾರ್ಯ. ಈ ಇಕ್ಕಟ್ಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಎಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಒದಗಿಸುವ ವ್ಯವಸ್ಥೆಯಲ್ಲಿ. ಅದನ್ನು ಶ್ವಾಸವ್ಯವಸ್ಥೆ ಎಂದು ಕರೆಯುವುದು ಯುಕ್ತವಾಗಿದೆ. ಅದರ ಕಾರ್ಯವಿಧಾನವನ್ನು ವಿವರಿಸಿ, ನಮ್ಮ ಪ್ರದೇಶದಲ್ಲಿ ಅದನ್ನು ಸರಿಪಡಿಸುವಾಗ ಏಳುವ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಎರಡು ಕಾರು, ಒಂದು ಎಂಜಿನ್

ಉದಾಹರಣೆಗೆ ಎಂ.ಜಿ.ಎ. ಎಂಬ ಕ್ರೀಡಾಕಾರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ೧೯೫೫ರಿಂದ ೧೯೬೨ರವರೆಗೆ ಇದು ತಯಾರಾಯಿತು. ಇದರ ಮೊದಲ ಮಾದರಿಯಲ್ಲಿದ್ದುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಯ ೧೪೮೯ ಘನ ಸೆಂಟಿಮೀಟರಿನ ಎಂಜಿನ್. ಇದೇ ಶ್ರೇಣಿಯ, ಇದೇ ಗಾತ್ರದ ಎಂಜಿನ್ನು ೧೯೫೯ರಲ್ಲಿ ನಮ್ಮ ಹಿಂದೂಸ್ತಾನ್ ಅಂಬಾಸಡರ್ ಕಾರಿಗೂ ಬಂದಿತು. ಅಂದರೆ ಮೂರು ತಲೆಮಾರಿನ ಭಾರತೀಯರು ಟ್ಯಾಕ್ಸಿಯಾಗಿಯೂ ಸರ್ಕಾರಿ ವಾಹನವಾಗಿಯೂ ಕಂಡ ಅಂಬಾಸಡರಿಗೂ ಈ ಕ್ರೀಡಾಕಾರಿಗೂ ಹೃದಯವು ಒಂದೇ ಮನೆತನದ್ದು.

ಆದರೂ ಎಂ.ಜಿ.ಎ. ಆರಂಭದಲ್ಲಿ ೬೮, ಅನಂತರ ೭೨ ಅಶ್ವಶಕ್ತಿಯನ್ನು ನೀಡುತ್ತಿತ್ತು; ಅಂಬಾಸಡರಿನ ಶಕ್ತಿ ಸುಮಾರು ೫೦. ಈ ಅಂತರಕ್ಕೆ ಸಂಪೀಡನದ ಪ್ರಮಾಣ, ಕ್ಯಾಮ್ ದಂಡದ ಆಕಾರ ಮೊದಲಾದ ಹಲವು ಕಾರಣಗಳುಂಟು. ಅವುಗಳಲ್ಲಿ ಪ್ರಧಾನವಾದ ಒಂದು ಉಸಿರಾಟದ ಭೇದ. ಅಂಬಾಸಡರಿಗೆ ಒಂದೇ ಕಾರ್ಬುರೇಟರು, ಎಂ.ಜಿ.ಎ.ಗೆ ಒಂದೂವರೆ ಅಂಗುಲ ಬಾಯಿಯ ಎರಡು ಎಸ್.ಯು. ಕಾರ್ಬುರೇಟರುಗಳು. ನಾಲ್ಕು ಸಿಲಿಂಡರುಗಳು ಒಂದೇ ಮೂಗಿನಿಂದ ಉಸಿರಾಡುವುದಕ್ಕೂ ಎರಡರಿಂದ ಉಸಿರಾಡುವುದಕ್ಕೂ ಇರುವ ವ್ಯತ್ಯಾಸ ವೇಗ ಹೆಚ್ಚಿದಷ್ಟೂ ಪ್ರಕಟವಾಗುತ್ತದೆ.

೨. ಎಸ್.ಯು. ಕಾರ್ಬುರೇಟರಿನ ಕಾರ್ಯವಿಧಾನ

ಎಸ್.ಯು. ಎಂಬುದು ‘ಸ್ಕಿನ್ನರ್ಸ್ ಯೂನಿಯನ್’ ಎಂಬುದರ ಹ್ರಸ್ವರೂಪ. ಸ್ಕಿನ್ನರ್ ಮನೆತನದವರು ಪಾದರಕ್ಷೆಯ ವ್ಯಾಪಾರಿಗಳು. ಈ ಶತಮಾನದ ಹಿಂದಿನ ಶತಮಾನವು ಆರಂಭವಾದ ಕೆಲವೇ ವರ್ಷಗಳಲ್ಲಿ ಅವರು ರೂಪಿಸಿದ ಮೊದಲ ಕಾರ್ಬುರೇಟರಿನಲ್ಲಿ ಚರ್ಮದ ತಿದಿಯಿದ್ದುದು ಆಕಸ್ಮಿಕವಲ್ಲ. ೧೯೨೬ರಲ್ಲಿ ಈ ಸಂಸ್ಥೆಯು ವಿಲಿಯಂ ಮಾರಿಸ್ ಅವರ ಒಡೆತನಕ್ಕೆ ಸೇರಿತು. ಹೀಗಾಗಿ ಮಾರಿಸ್ ಕಾರುಗಳಲ್ಲೂ ಅವುಗಳ ವಂಶದ ಎಂ.ಜಿ. ಕಾರುಗಳಲ್ಲೂ ಇದರ ಬಳಕೆ ರೂಢಿಗೆ ಬಂದಿತು.

ಇದರ ತತ್ತ್ವ ಸರಳ. ಸಾಮಾನ್ಯ ಕಾರ್ಬುರೇಟರಿನಲ್ಲಿ ಗಾಳಿ ಹಾಯುವ ಕಿರುಗಂಡಿಯ ಅಳತೆ ಸ್ಥಿರವಾಗಿದ್ದು, ಗಾಳಿಯ ವೇಗವು ಬದಲಾಗುತ್ತಿರುತ್ತದೆ. ಎಸ್.ಯು.ವಿನಲ್ಲಿ ಗಂಡಿಯೇ ಅಗತ್ಯಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಎಂಜಿನ್ನು ಹೆಚ್ಚು ಗಾಳಿಯನ್ನೆಳೆದಾಗ ಮೇಲಿನ ಗುಮ್ಮಟದಲ್ಲಿ ಒತ್ತಡವಿಳಿದು ಒಳಗಿನ ಪಿಸ್ಟನ್ ಮೇಲೇರುತ್ತದೆ, ದಾರಿ ಅಗಲವಾಗುತ್ತದೆ. ಪಿಸ್ಟನ್ನಿನ ಅಡಿಯಲ್ಲಿ ಕೆಳಮುಖವಾಗಿ ಕ್ರಮೇಣ ಮೊನಚಾಗುವ ಒಂದು ಸೂಜಿಯುಂಟು. ಇದು ಪೆಟ್ರೋಲಿನ ಜೆಟ್ಟಿನೊಳಗೆ ನಿಂತಿರುತ್ತದೆ. ಪಿಸ್ಟನ್ ಏರಿದಾಗ ಸೂಜಿಯೂ ಏರಿ, ಅದರ ಸುತ್ತಲಿನ ಸಂದು ಹೆಚ್ಚಿ, ಗಾಳಿಗೆ ತಕ್ಕಷ್ಟು ಪೆಟ್ರೋಲು ಹೊರಬರುತ್ತದೆ. ಪಿಸ್ಟನ್ನಿನ ನಡುಗೊಳವೆಯಲ್ಲಿ ತೆಳುವಾದ ಎಣ್ಣೆಯಿದ್ದು, ಅದು ಪಿಸ್ಟನ್ ಹಠಾತ್ತಾಗಿ ಮೇಲಕ್ಕೆ ನೆಗೆಯದಂತೆ ತಡೆಯುತ್ತದೆ. ಇದರಿಂದ ವೇಗವನ್ನು ಹೆಚ್ಚಿಸುವ ಕ್ಷಣದಲ್ಲಿ ಮಿಶ್ರಣವು ತುಸು ಗಾಢವಾಗುತ್ತದೆ. ಈ ಎಣ್ಣೆ ಬತ್ತಿದರೆ ವೇಗವರ್ಧಕವನ್ನು ತುಳಿದೊಡನೆ ಕಾರು ಮುಗ್ಗರಿಸುವುದು.

೩. ಸವೆತವನ್ನು ಓದುವ ಬಗೆ

ದುರಸ್ತಿಯಲ್ಲಿ ಮೊದಲು ಪರೀಕ್ಷಿಸತಕ್ಕದ್ದು ಥ್ರಾಟಲ್ ಕವಾಟವನ್ನು ಹೊತ್ತ ಅಡ್ಡದಂಡವನ್ನು. ದಶಕಗಳ ಬಳಕೆಯಿಂದ ಈ ದಂಡವೂ ಅದರ ರಂಧ್ರವೂ ಸವೆದು, ಸಂದಿನಿಂದ ಗಾಳಿ ಕಳ್ಳದಾರಿಯಲ್ಲಿ ನುಗ್ಗತೊಡಗುತ್ತದೆ. ಇದರ ಪರಿಣಾಮ ಎಲ್ಲ ವೇಗಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಒಟ್ಟು ಗಾಳಿಯೇ ಅಲ್ಪವಾದ್ದರಿಂದ ಕಳ್ಳಗಾಳಿಯ ಪಾಲು ದೊಡ್ಡದು. ಮಿಶ್ರಣ ತೆಳುವಾಗಿ ಎಂಜಿನ್ ಕುಂಟುತ್ತದೆ. ಇದನ್ನು ಸರಿಪಡಿಸಲೆಂದು ಮೆಕ್ಯಾನಿಕ್ಕನು ಜೆಟ್ಟನ್ನು ಕೆಳಗಿಳಿಸಿ ಮಿಶ್ರಣವನ್ನು ಗಾಢಗೊಳಿಸುತ್ತಾನೆ. ಆದರೆ ಎಸ್.ಯು.ವಿನಲ್ಲಿ ಜೆಟ್ಟನ್ನಿಳಿಸಿದರೆ ಎಲ್ಲ ವೇಗಗಳಲ್ಲಿಯೂ ಮಿಶ್ರಣ ಗಾಢವಾಗುವುದರಿಂದ, ದಾರಿಯಲ್ಲಿ ಓಡುವಾಗ ಪೆಟ್ರೋಲು ವ್ಯರ್ಥವಾಗಿ ಹೊಗೆ ಕರಗಟ್ಟುತ್ತದೆ. ಎರಡು ಕಾರ್ಬುರೇಟರುಗಳಿದ್ದಲ್ಲಿ ತೊಡಕು ಇಮ್ಮಡಿ: ಒಂದರ ಸವೆತ ಇನ್ನೊಂದರಂತಿರುವುದಿಲ್ಲ, ಎರಡನ್ನೂ ಎಷ್ಟು ಸಲ ಸರಿದೂಗಿಸಿದರೂ ನಿಲ್ಲುವುದಿಲ್ಲ. ಆದ್ದರಿಂದ ಹೊಸ ದಂಡ, ಹೊಸ ಬುಷ್‌ಗಳನ್ನು ಕೂಡಿಸಿದ ಮೇಲೆಯೇ ಉಳಿದ ಹೊಂದಾಣಿಕೆಗಳಿಗೆ ಅರ್ಥವುಂಟು.

ಅನಂತರ ಜೆಟ್ಟನ್ನು ಸೂಜಿಯ ಸುತ್ತ ನಡುಮಧ್ಯಕ್ಕೆ ತರಬೇಕು. ಪಿಸ್ಟನ್ನನ್ನು ಎತ್ತಿ ಬಿಟ್ಟರೆ ಅದು ತಡೆಯಿಲ್ಲದೆ ಇಳಿದು ‘ಟಕ್’ ಎಂಬ ಸದ್ದಿನಿಂದ ಕೂರಬೇಕು. ಕೊನೆಯಲ್ಲಿ ಎರಡು ಕಾರ್ಬುರೇಟರುಗಳ ಬಾಯಿಗೂ ಒಂದು ರಬ್ಬರ್ ಕೊಳವೆಯನ್ನು ಸರದಿಯಂತೆ ಹಿಡಿದು, ಇನ್ನೊಂದು ತುದಿಯನ್ನು ಕಿವಿಗಿಟ್ಟು, ಸುಯ್ಯುವ ಸದ್ದು ಸಮನಾಗುವವರೆಗೆ ಥ್ರಾಟಲ್ಲನ್ನು ಹೊಂದಿಸಬೇಕು. ಇದು ಪುಸ್ತಕದಿಂದ ಕಲಿಯುವ ವಿದ್ಯೆಗಿಂತ ಕಿವಿಯಿಂದ ಕಲಿಯುವ ವಿದ್ಯೆ. ಬಲ್ಲವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ.

೪. ಚಿಕ್ಕಜಾಲದ ಗಾಳಿ, ಇಂದಿನ ಪೆಟ್ರೋಲು

ಇಂಗ್ಲೆಂಡಿನ ತಗ್ಗು ಪ್ರದೇಶದಲ್ಲಿ ನಿಗದಿಯಾದ ಅಳತೆಗಳು ನಮ್ಮ ಊರಿನಲ್ಲಿ ಹಾಗೆಯೇ ಸಲ್ಲುವುದಿಲ್ಲ. ಯಲಹಂಕದಿಂದ ಚಿಕ್ಕಜಾಲದವರೆಗಿನ ನೆಲವು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು ೧.೦೬ ಕಿಲೋಗ್ರಾಂ, ಮಂಗಳೂರಿನ ಕಡಲ ಮಟ್ಟದಲ್ಲಿ ೩೦ ಡಿಗ್ರಿಯಲ್ಲಿ ಸುಮಾರು ೧.೧೬. ಒಂದು ಲೀಟರ್ ಪೆಟ್ರೋಲು ಪೂರ್ಣವಾಗಿ ಉರಿಯಲು ಹನ್ನೊಂದು ಕಿಲೋಗ್ರಾಂ ಗಾಳಿ ಬೇಕಾಗುವುದರಿಂದ, ಮಂಗಳೂರಿನಲ್ಲಿ ಒಂಬತ್ತೂವರೆ ಸಾವಿರ ಲೀಟರ್ ಗಾಳಿ ಸಾಕಾದರೆ ಇಲ್ಲಿ ಹತ್ತು ಸಾವಿರಕ್ಕೂ ಮೀರಿ ಬೇಕು. ಇದರ ಫಲ ಎರಡು. ಎಂಜಿನ್ನಿನ ಶಕ್ತಿ ನೂರಕ್ಕೆ ಸುಮಾರು ಒಂಬತ್ತರಷ್ಟು ಇಳಿಯುತ್ತದೆ. ಗಾಳಿಯ ಸಾಂದ್ರತೆಯ ವರ್ಗಮೂಲವನ್ನನುಸರಿಸಿ ಮಿಶ್ರಣವು ನೂರಕ್ಕೆ ಸುಮಾರು ಐದರಷ್ಟು ಗಾಢವಾಗುತ್ತದೆ.

ಇದರೊಡನೆ ಇನ್ನೊಂದು ಹೊಸ ಸಂಗತಿ ಸೇರಿದೆ. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ ೧೪.೭ ಪಾಲು ಗಾಳಿ ಬೇಕಾದರೆ ಎಥನಾಲಿಗೆ ೯ ಪಾಲು ಸಾಕು. ಇಪ್ಪತ್ತರ ಮಿಶ್ರಣಕ್ಕೆ ಸುಮಾರು ೧೩.೫. ಎಂದಮೇಲೆ ಹಳೆಯ ಸೂಜಿ, ಹಳೆಯ ಜೆಟ್ಟುಗಳನ್ನೇ ಉಳಿಸಿಕೊಂಡರೆ ಮಿಶ್ರಣವು ನೂರಕ್ಕೆ ಸುಮಾರು ಎಂಟರಷ್ಟು ತೆಳುವಾಗುವುದು. ಇಲ್ಲಿ ಒಂದು ಕುತೂಹಲಕರವಾದ ಅಂಶ ಗೋಚರಿಸುತ್ತದೆ. ಕರಾವಳಿಯಲ್ಲಿ ಈ ಕೊರತೆಯನ್ನು ಪೂರ್ತಿಯಾಗಿ ತುಂಬಬೇಕು. ಬೆಂಗಳೂರಿನ ಪ್ರಸ್ಥಭೂಮಿಯಲ್ಲಾದರೋ ಎತ್ತರವು ತರುವ ಗಾಢತೆ ಎಥನಾಲು ತರುವ ತೆಳುತನದ ಬಹುಭಾಗವನ್ನು ತಾನೇ ಅಳಿಸಿಹಾಕುತ್ತದೆ. ಕರಾವಳಿಗೆಂದು ಸರಿಹೊಂದಿಸಿದ್ದ ಕಾರಿಗೆ ಇಲ್ಲಿ ಉಳಿಯುವ ಕೊರತೆ ನೂರಕ್ಕೆ ಮೂರರಷ್ಟು ಮಾತ್ರ. ಜೆಟ್ಟನ್ನು ತುಸು ಇಳಿಸಿದರೆ ಅದು ನೀಗುತ್ತದೆ. ಅನ್ಯದೇಶದ ಸಲಹೆಯನ್ನು ನಂಬಿ ಸೂಜಿಯನ್ನೇ ಬದಲಿಸುವ ಮೊದಲು ಈ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು.

ಆದರೆ ಎಥನಾಲಿನ ಎಲ್ಲ ಉಪದ್ರವಗಳನ್ನೂ ಎತ್ತರವು ನಿವಾರಿಸಲಾರದು. ಅದು ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಜೆಟ್ಟಿನ ಸುತ್ತಲಿರುವ ಬೆಂಡಿನ ಬಿಗಿಪಟ್ಟಿಗಳನ್ನೂ ಕೊಳವೆಗಳನ್ನೂ ಎಥನಾಲನ್ನು ತಡೆದುಕೊಳ್ಳುವ ಹೊಸ ವಸ್ತುವಿನಿಂದ ಬದಲಿಸುವುದು ಅಗತ್ಯ. ಅಲ್ಲದೆ ‘ಬಿ’ ಶ್ರೇಣಿಯ ಎಂಜಿನ್ನಿನಲ್ಲಿ ಹೊಗೆಕೊಳವೆಯೂ ಕಾರ್ಬುರೇಟರುಗಳೂ ಒಂದೇ ಪಾರ್ಶ್ವದಲ್ಲಿವೆ. ಹೆಬ್ಬಾಳದ ಮೇಲುಸೇತುವೆಯ ವಾಹನಸಂದಣಿಯಲ್ಲಿ ನಿಂತಾಗ ಆ ಕಾವಿಗೆ ಪೆಟ್ರೋಲು ಆವಿಯಾಗಿ ಎಂಜಿನ್ ನಿಲ್ಲುವ ಸಂಭವವುಂಟು. ಎತ್ತರದ ಕಡಮೆ ಒತ್ತಡದಲ್ಲಿ ಈ ಸಂಭವ ಇನ್ನೂ ಹೆಚ್ಚು. ಶಾಖನಿರೋಧಕ ತುಂಡುಗಳನ್ನೂ ತಗಡಿನ ಮರೆಯನ್ನೂ ಸುಸ್ಥಿತಿಯಲ್ಲಿಡುವುದು ಇದಕ್ಕೆ ಪರಿಹಾರ. ಹೆದ್ದಾರಿಯ ಧೂಳಿನ ದೃಷ್ಟಿಯಿಂದ ಗಾಳಿಶೋಧಕವನ್ನು ಕಿತ್ತುಹಾಕಿ ತೆರೆದ ತುತ್ತೂರಿಗಳನ್ನು ಜೋಡಿಸುವುದು ಪಂದ್ಯದ ಅಂಗಳಕ್ಕೆ ಒಪ್ಪಬಹುದು, ನಮ್ಮ ಬೀದಿಗೆ ಒಪ್ಪದು.

೫. ಯಾವುದು ಸುಧಾರಣೆ, ಯಾವುದು ವಿಕಾರ?

ಸುಧಾರಣೆಯೆಲ್ಲವೂ ಇತಿಹಾಸದ್ರೋಹವೆಂದು ಹೇಳುವುದು ಸರಿಯಲ್ಲ. ೧೨೫೦ ಘನ ಸೆಂಟಿಮೀಟರಿನ ಎಂ.ಜಿ. ಟಿ.ಡಿ. ಕಾರಿಗೆ ಒಂದೂಕಾಲು ಅಂಗುಲದ ಕಾರ್ಬುರೇಟರುಗಳಿದ್ದರೆ, ಅದೇ ಕಾರ್ಖಾನೆಯು ಹೊರತಂದ ಅದರ ‘ಮಾರ್ಕ್ ೨’ ರೂಪಕ್ಕೆ ಒಂದೂವರೆ ಅಂಗುಲದವಿದ್ದವು. ಆ ಕಾಲದಲ್ಲಿಯೇ ಕಾರ್ಖಾನೆಯೇ ಸೂಚಿಸಿದ ಸುಧಾರಣೆಯೂ ಆ ಕಾಲದ ಇತಿಹಾಸದ ಭಾಗವೇ ಸರಿ. ಇಟಲಿಯ ವೆಬರ್ ಕಾರ್ಬುರೇಟರನ್ನು ಕೂಡಿಸುವ ಪದ್ಧತಿಯೂ ಪಂದ್ಯಗಾರರಲ್ಲಿ ಹಳೆಯದು. ಆದರೆ ಅದಕ್ಕೆ ಬೇರೆ ಮ್ಯಾನಿಫೋಲ್ಡು ಬೇಕು, ಅದರ ಸ್ಥಿರಗಂಡಿಗೆ ಹಲವು ಜೆಟ್ಟುಗಳ ಸೂಕ್ಷ್ಮ ಹೊಂದಾಣಿಕೆ ಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಜಟಿಲವಾದುದು. ೧೯೪೦ರ ದಶಕದ ಕೊನೆಯಿಂದ ವಿದೇಶಿ ಕಾರುಗಳ ಆಮದಿಗೆ ನಿರ್ಬಂಧ ಬಿದ್ದು, ೧೯೫೩ರ ಸುಂಕ ಆಯೋಗದ ವರದಿಯ ತರುವಾಯ ಜನರಲ್ ಮೋಟಾರ್ಸ್, ಫೋರ್ಡ್ ಸಂಸ್ಥೆಗಳು ಇಲ್ಲಿನ ಜೋಡಣೆಯನ್ನು ನಿಲ್ಲಿಸಿದವು. ಬಿಡಿಭಾಗಗಳು ದುರ್ಲಭವಾದ ಆ ದಿನಗಳಲ್ಲಿ ವಿದೇಶಿ ಕಾರಿನ ಒಡೆಯನಿಗೆ ಜೆ.ಸಿ. ರಸ್ತೆಯ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಗತಿ. ಸವೆದುಹೋದ ಮೂಲ ಭಾಗದ ಸ್ಥಾನದಲ್ಲಿ ಅಂಬಾಸಡರಿನ ಭಾಗ ಬಂದು ಕೂತದ್ದು ಇಂಥ ಅಗತ್ಯದಿಂದ. ಈಗ ಅಂಥ ಕಾರನ್ನು ‘ಮೂಲರೂಪಕ್ಕೆ’ ತರುವವನು ಆ ಅಂಬಾಸಡರ್ ಕಾರ್ಬುರೇಟರನ್ನು ತೂಕಕ್ಕೆ ಮಾರಿದರೆ, ಪರವಾನಗಿಯುಗದ ಭಾರತದ ಒಂದು ಸಾಕ್ಷ್ಯ ಅದರೊಡನೆ ಕರಗಿಹೋಗುತ್ತದೆ. ಚಿಕ್ಕಜಾಲದ ಹೆದ್ದಾರಿಯ ಬದಿಯ ಹಾಳುಕೋಟೆಯ ಕಲ್ಲನ್ನು ದಾಖಲೆಯಿಲ್ಲದೆ ಕದಲಿಸಿದರೆ ಏನು ನಷ್ಟವೋ ಇದೂ ಅದೇ ಜಾತಿಯ ನಷ್ಟ.

ಈ ವಿಷಯದಲ್ಲಿ ಕಾನೂನೂ ಮಾತಾಡುತ್ತದೆ. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ, ಐವತ್ತು ವರ್ಷ ಮೀರಿದ ವಾಹನವು ‘ವಿಂಟೇಜ್’ ಎಂದು ನೋಂದಣಿಯಾಗಬೇಕಾದರೆ ಮೂಲರೂಪದಲ್ಲಿರಬೇಕು. ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಕೂಡದು. ಅಂತಾರಾಷ್ಟ್ರೀಯ ಪುರಾತನ ವಾಹನ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಕಟ್ಟಡಗಳ ಸಂರಕ್ಷಣೆಗೆ ೧೯೬೪ರಲ್ಲಿ ರಚಿತವಾದ ವೆನಿಸ್ ಸನ್ನದಿನ ತತ್ತ್ವಗಳನ್ನು ವಾಹನಗಳಿಗೆ ವಿಸ್ತರಿಸುತ್ತದೆ. ಬದಲಾವಣೆ ಅನಿವಾರ್ಯವಾದಲ್ಲಿ ಅದು ಕನಿಷ್ಠವಾಗಿರಬೇಕು, ಗುರುತಿಸುವಂತಿರಬೇಕು, ಹಿಂದಕ್ಕೆ ತರುವಂತಿರಬೇಕು, ದಾಖಲಾಗಬೇಕು ಎಂಬುದು ಎರಡರ ಸಾರ.

ಈ ಒರೆಗಲ್ಲಿಗೆ ಉಜ್ಜಿದರೆ ಶ್ವಾಸವ್ಯವಸ್ಥೆಯ ಕೆಲಸಗಳು ಮೂರು ವರ್ಗಗಳಾಗುತ್ತವೆ. ಬುಷ್, ಬಿಗಿಪಟ್ಟಿ, ಕೊಳವೆಗಳ ಬದಲಾವಣೆ ಶುದ್ಧ ದುರಸ್ತಿ, ಇದಕ್ಕೆ ಆಕ್ಷೇಪವಿಲ್ಲ. ಬೋಲ್ಟುಗಳನ್ನು ಕಳಚಿದರೆ ಹಿಂದಿನ ಸ್ಥಿತಿಗೆ ಬರಬಹುದಾದ ಕಾರ್ಬುರೇಟರು, ಶೋಧಕ, ಶಾಖದ ಮರೆ ಇವು ಎರಡನೆಯ ವರ್ಗ. ಕಳಚಿದ ಭಾಗವನ್ನು ಕಾಯ್ದಿಟ್ಟರೆ ಇವು ಒಪ್ಪತಕ್ಕವು. ಸಿಲಿಂಡರ್ ಹೆಡ್ಡಿನ ದ್ವಾರಗಳನ್ನು ಅರೆದು ಹಿಗ್ಗಿಸುವುದು, ಮೂಲ ಮ್ಯಾನಿಫೋಲ್ಡನ್ನು ಕತ್ತರಿಸುವುದು ಮೂರನೆಯ ವರ್ಗ. ಅರೆದ ಲೋಹ ಮರಳಿ ಬಾರದು. ಅಂಥ ಪ್ರಯೋಗಕ್ಕೆ ಗುಜರಿಯಲ್ಲಿ ಸಿಗುವ ಬೇರೊಂದು ಹೆಡ್ಡನ್ನು ಬಳಸಿ ಮೂಲವನ್ನು ಭದ್ರವಾಗಿಡುವುದೇ ವಿವೇಕ.

ಇದರಲ್ಲಿ ಕಾಲೇಜುಗಳ ಪಾತ್ರವೂ ಇಲ್ಲದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಹಳೆಯ ವಾಹನಗಳನ್ನು ಉಳಿಸುತ್ತಿವೆ. ಆದರೆ ಖಾಸಗಿ ಷೆಡ್ಡುಗಳಲ್ಲಿರುವ ಕಾರುಗಳ ಚರಿತ್ರೆಯನ್ನು ಬರೆದಿಡುವವರು ವಿರಳ. ಒಂದು ಕಾರ್ಬುರೇಟರಿನ ಸಂಖ್ಯೆ, ಸೂಜಿಯ ಗುರುತು, ಸವೆತದ ಅಳತೆ, ಯಾವ ವರ್ಷ ಯಾವ ಕಾರಣಕ್ಕೆ ಯಾವ ಭಾಗ ಬದಲಾಯಿತೆಂಬ ವಿವರ, ಕಿವಿಯಿಂದ ಎಂಜಿನ್ನನ್ನು ಸರಿದೂಗಿಸುವ ಮೆಕ್ಯಾನಿಕ್ಕರ ಮಾತು ಇವನ್ನು ನಮ್ಮ ವಿದ್ಯಾರ್ಥಿಗಳು ಶಾಸನದ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಸಂಗ್ರಹಿಸಬಹುದು. ಕಳಚಿದ ಭಾಗಕ್ಕೊಂದು ಚೀಟಿ ಕಟ್ಟಿ ಡಬ್ಬಿಯಲ್ಲಿಡುವುದು ಚಿಕ್ಕ ಕೆಲಸ. ಕಾರು ಓಡಲೂಬೇಕು, ನಾಳಿನ ಸಂಶೋಧಕನಿಗೆ ಅದರ ಕಥೆ ಉಳಿಯಲೂಬೇಕು ಎನ್ನುವುದಾದರೆ, ಎರಡನ್ನೂ ಸಾಧಿಸುವ ಮಾರ್ಗ ಆ ಚೀಟಿಯಿಂದಲೇ ಆರಂಭವಾಗುತ್ತದೆ.